ಸ್ಟೆಂಟಿನ ಸ್ಥಿರತೆ: ಒಂದು ಐತಿಹಾಸಿಕ ಸಮೀಕ್ಷೆ

ಹೆಚ್ಚುಕಡಮೆ ಒಂದೇ ಕಾಲದಲ್ಲಿ ಹುಟ್ಟಿದ ಎರಡು ವೈದ್ಯಕೀಯ ಸಾಧನೆಗಳಲ್ಲಿ ಒಂದು ಮತ್ತೊಂದರ ದಾರಿಗೆ ಅಡ್ಡವಾದ ನಿದರ್ಶನವೊಂದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಇಟೊ ಎಂಬವರು ಅತಿಸ್ಥೂಲಕಾಯರಿಗಾಗಿ ರೂಪಿಸಿದ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಕ್ರಿಯೆಯನ್ನು 1967ರಲ್ಲಿ ಪ್ರಕಟಿಸಿದರು. ಮರುವರ್ಷವೇ ಅದೇ ದೇಶದ ವಿಲಿಯಂ ಮೆಕ್ಯೂನ್ ಮತ್ತು ಅವರ ಸಂಗಡಿಗರು, ಬಾಯಿಯ ಮೂಲಕ ಎಂಡೋಸ್ಕೋಪನ್ನು ಇಳಿಸಿ, ಸಣ್ಣ ಕರುಳಿನ ಆದಿಭಾಗದಲ್ಲಿರುವ ನಾಳದ್ವಾರದೊಳಕ್ಕೆ ನಳಿಕೆಯನ್ನು ಸೇರಿಸಿದುದನ್ನು ವರದಿಮಾಡಿದರು. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಆ ದ್ವಾರವನ್ನು ಕೊಯ್ದು ಅಗಲಿಸಿದರು. ಹೀಗೆ ಪಿತ್ತನಾಳದ ಕಲ್ಲನ್ನು ಹೊಟ್ಟೆ ಸೀಳದೆಯೇ ತೆಗೆಯುವುದು ಸಾಧ್ಯವಾಯಿತು.

ಬೈಪಾಸಿನಲ್ಲಿ ಜಠರದ ಮೇಲ್ತುದಿಯ ಚಿಕ್ಕ ಚೀಲವೊಂದನ್ನು ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರವು ದೇಹದಲ್ಲಿದ್ದರೂ ಆಹಾರದ ದಾರಿಯಿಂದ ಬೇರೆಯಾಗುತ್ತದೆ. ತೂಕವು ಶೀಘ್ರವಾಗಿ ಇಳಿದವರಲ್ಲಿ ಪಿತ್ತದ ಕಲ್ಲುಗಳು ಹೆಚ್ಚು. ಕಲ್ಲನ್ನು ತೆಗೆಯಬೇಕಾದವರಲ್ಲಿಯೇ ಅದನ್ನು ತೆಗೆಯುವ ಹಾದಿ ಮುಚ್ಚಿಹೋದುದು ಹೀಗೆ.

2014ರಲ್ಲಿ ಅಮೆರಿಕದ ವೈದ್ಯರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಅಲ್ಟ್ರಾಸೌಂಡಿನ ನೆರವಿನಿಂದ ಚಿಕ್ಕ ಚೀಲಕ್ಕೂ ತ್ಯಕ್ತ ಜಠರಕ್ಕೂ ನಡುವೆ ಲೋಹದ ಸ್ಟೆಂಟೊಂದನ್ನು ಸೇತುವೆಯಂತೆ ಇಡುವುದು, ಅದರೊಳಗಿಂದ ಎಂಡೋಸ್ಕೋಪನ್ನು ದಾಟಿಸುವುದು. ಸ್ಟೆಂಟಿನ ಎರಡು ತುದಿಗಳೂ ಡಮರುಗದಂತೆ ಅಗಲ, ನಡು ಕಿರಿದು. ಅದರ ವ್ಯಾಸ 15 ಅಥವಾ 20 ಮಿ.ಮೀ.; ಒಳಹೋಗುವ ಎಂಡೋಸ್ಕೋಪಿನದು ಸುಮಾರು 13 ಮಿ.ಮೀ. ಆದುದರಿಂದ ಎಂಡೋಸ್ಕೋಪಿನ ತಿಕ್ಕಾಟಕ್ಕೆ ಸ್ಟೆಂಟು ಕದಲಬಹುದು. ಎರಡು ಗೋಡೆಗಳು ಇನ್ನೂ ಕೂಡಿಕೊಳ್ಳದಿರುವಾಗ ಅದು ಜಾರಿದರೆ ಉಳಿಯುವುದು ದಾರಿಯಲ್ಲ, ಉದರದೊಳಕ್ಕೆ ತೆರೆದ ರಂಧ್ರ.

ನಳಿಕೆ ಜಾರುವ ಭಯ ಹೊಸದೇನೂ ಅಲ್ಲ. 1880ರ ದಶಕದಲ್ಲಿ ಲಂಡನ್ನಿನ ಚಾರ್ಟರ್ಸ್ ಸೈಮಂಡ್ಸ್ ಅನ್ನನಾಳದ ಅರ್ಬುದದಲ್ಲಿ ಇಟ್ಟ ನಳಿಕೆಗೆ ರೇಷ್ಮೆಯ ದಾರವನ್ನು ಕಟ್ಟಿ ಬಾಯಿಂದ ಹೊರತಂದಿದ್ದರು. ಅಲ್ಲಿ ಗೆಡ್ಡೆಯ ಬಿಗಿತವೂ ನಳಿಕೆಯನ್ನು ಹಿಡಿದಿಡುತ್ತಿತ್ತು. ಇಲ್ಲಿ ಆ ಬಿಗಿತವೂ ಇಲ್ಲ.

ಆದಕಾರಣ ವೈದ್ಯರು ಮುಖ್ಯವಾಗಿ ಎರಡು ಮಾರ್ಗಗಳನ್ನು ಹಿಡಿದಿದ್ದಾರೆ. ಮೊದಲನೆಯದು ಕಾಲವನ್ನು ನಂಬುವುದು: ಸ್ಟೆಂಟನ್ನಿಟ್ಟು ಎರಡರಿಂದ ನಾಲ್ಕು ವಾರ ಕಾದರೆ ಗೋಡೆಗಳು ತಾವಾಗಿ ಬೆಸೆದುಕೊಂಡು ದಾರಿ ಬಲಿಯುತ್ತದೆ. ಎರಡನೆಯದು ದಾರವನ್ನು ನಂಬುವುದು: ಎಂಡೋಸ್ಕೋಪಿನ ಮೂಲಕವೇ ಸ್ಟೆಂಟಿನ ಅಂಚನ್ನು ಗೋಡೆಗೆ ಹೊಲಿಯುವುದು, ಇಲ್ಲವೆ ಕ್ಲಿಪ್ ಹಾಕುವುದು. 20 ಮಿ.ಮೀ. ಸ್ಟೆಂಟನ್ನು ಆರಿಸಿ, ಬಲೂನಿನಿಂದ ಪೂರ್ಣವಾಗಿ ಹಿಗ್ಗಿಸಿ, ಜಾರುದ್ರವ್ಯ ಸವರಿ ಎಂಡೋಸ್ಕೋಪನ್ನು ಮೆಲ್ಲನೆ ದಾಟಿಸುವುದು ಎರಡಕ್ಕೂ ಪೂರಕ.

ಇವುಗಳಲ್ಲಿ ಮೊದಲನೆಯದೇ ಹೆಚ್ಚು ನಿರಪಾಯವೆಂಬುದು ನಮ್ಮ ಅಭಿಪ್ರಾಯ. ಆದರೆ ಪಿತ್ತನಾಳದಲ್ಲಿ ಕೀವುಗಟ್ಟಿ, ಜ್ವರ ಕಾಮಾಲೆಗಳಿಂದ ನರಳುವ ರೋಗಿಗೆ ಎರಡು ವಾರಗಳ ವಿಳಂಬವೇ ಮೃತ್ಯುಕಾರಣವಾಗಬಹುದು. ಅಂಥ ವೇಳೆ ವೈದ್ಯನಿಗೆ ದಾರವೇ ಗತಿ. ಸೈಮಂಡ್ಸರು ಒಂದೂವರೆ ಶತಮಾನದಷ್ಟು ಹಿಂದೆ ನೆಚ್ಚಿದ್ದೂ ಅದನ್ನೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.