ಅರ್ಧಕ್ಕೇ ಊಹಿಸಿದ ಮಾತು

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ನಾಲಿಗೆ ತಿರುಗದಾಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅಕ್ಷರಮಾಲೆ ಬರೆದು ಅವರ ತೊಡೆಯ ಮೇಲಿಟ್ಟೆ. ಎಡಗೈ ಬೆರಳನ್ನು ಮೊದಲು 'ನ'ದ ಮೇಲೆ, ಆಮೇಲೆ 'ಈ' ಮೇಲೆ ಇಟ್ಟರೆ 'ನೀ'. ಅಷ್ಟಕ್ಕೇ ಕೈ ಸೋಲುತ್ತಿತ್ತು. ಅಮ್ಮ ಓಡಿಹೋಗಿ ನೀರು ತರುತ್ತಿದ್ದಳು. ಅಪ್ಪ ಕೇಳಬೇಕೆಂದಿದ್ದದ್ದು 'ನೀನು ಉಂಡೆಯಾ' ಎಂದು.

ಮೊಬೈಲು ನಮ್ಮ ಮಾತನ್ನು ಮೊದಲೇ ಊಹಿಸುವ ವಿದ್ಯೆ ಹುಟ್ಟಿದ್ದೂ ಇಂಥ ಸೋತ ಕೈಗಳ ಪಕ್ಕದಲ್ಲೇ ಎಂದು ತಿಳಿದಾಗ ನನಗೆ ಆಶ್ಚರ್ಯಕ್ಕಿಂತ ಕೃತಜ್ಞತೆಯೇ ಹೆಚ್ಚಾಯಿತು. ಇಂಗ್ಲೆಂಡಿನ ಎಂಜಿನಿಯರ್ ಟೋಬಿ ಚರ್ಚಿಲ್ ಕಾಯಿಲೆಯಿಂದ ಮಾತು ಕಳೆದುಕೊಂಡವರು. 1970ರ ದಶಕದಲ್ಲಿ ತಮಗಾಗಿ ತಾವೇ ಒಂದು ಪುಟ್ಟ ಯಂತ್ರ ಮಾಡಿಕೊಂಡರು. ಒತ್ತಿದ ಅಕ್ಷರ ಅದರ ಪರದೆಯ ಮೇಲೆ ಮೂಡುತ್ತಿತ್ತು. 'ಲೈಟ್‌ರೈಟರ್' ಎಂಬ ಹೆಸರಿನಲ್ಲಿ ಅದು ಎಷ್ಟೋ ಜನರ ಮಾತಾಯಿತು.

ಅಮೆರಿಕದ ಕ್ಲಿಫ್ ಕುಶ್ಲರ್ ಕೂಡ ಮಾತು ಬಾರದವರ ಯಂತ್ರಗಳ ಮೇಲೆ ಕೆಲಸ ಮಾಡಿದವರು. ಮಾರ್ಟಿನ್ ಕಿಂಗ್ ಎಂಬವರ ಜೊತೆ ಸೇರಿ ಅವರು ಕೈಯಾಡದವರಿಗೆ ನೋಟದಿಂದಲೇ ಬರೆಯುವ ದಾರಿ ಹುಡುಕುತ್ತಿದ್ದರು. ಕಣ್ಣು ಖಚಿತವಾಗಿ ತೋರಬಲ್ಲದ್ದು ಕೆಲವೇ ದಿಕ್ಕು, ಇಂಗ್ಲಿಷ್ ಅಕ್ಷರಗಳೋ ಇಪ್ಪತ್ತಾರು. ಹಾಗಾಗಿ ಒಂದೊಂದು ದಿಕ್ಕಿಗೆ ಹಲವು ಅಕ್ಷರ ಕಟ್ಟಿ, ಯಾವುದೆಂದು ತೀರ್ಮಾನಿಸುವ ಹೊರೆಯನ್ನು ಯಂತ್ರದೊಳಗಿನ ನಿಘಂಟಿಗೆ ವಹಿಸುವುದೇ ಉಪಾಯ. ಆಗಿನ ಫೋನಿನಲ್ಲಿ ಅಕ್ಷರವಿದ್ದ ಗುಂಡಿಗಳು 2ರಿಂದ 9ರವರೆಗೆ, ಎಂಟೇ. ಅದೇ ಲೆಕ್ಕ ಅಲ್ಲಿಗೂ ಒಗ್ಗಿತು. ಸಿಯಾಟಲ್‌ನ ಅವರ ಟೆಜಿಕ್ ಕಂಪನಿಯ ಈ 'ಟಿ9' 1999ರ ನೋಕಿಯಾ 3210ರಲ್ಲಿತ್ತು. ಇಂಗ್ಲಿಷಿನ 'ಹೋಮ್' ಬರೆಯಲು ಮೊದಲು ಎಂಟು ಸಲ ಒತ್ತಬೇಕಿತ್ತು, ಟಿ9 ಬಂದ ಮೇಲೆ 4663 ಎಂದು ನಾಲ್ಕೇ ಸಲ. 'ಗುಡ್' ಎಂಬುದಕ್ಕೂ ಅವೇ ಗುಂಡಿಗಳು, ಅದೇ ಸರದಿ.

ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದ ಕಾಲ ಅದು. ಅಮ್ಮ, ಅಣ್ಣ, ಅನ್ನ, ಮೂರಕ್ಕೂ 2662 ಒಂದೇ. ಯಂತ್ರಕ್ಕೆ ನಮ್ಮ ಮನೆ ಗೊತ್ತಿರಲಿಲ್ಲ. ಊಹಿಸುವ ಸೌಲಭ್ಯವನ್ನೇ ಬಂದ್ ಮಾಡಿ ಒಂದೊಂದೇ ಅಕ್ಷರ ಒತ್ತುತ್ತಿದ್ದೆ.

2002ರಲ್ಲಿ ಕೇಂಬ್ರಿಡ್ಜಿನ ಡೇವಿಡ್ ವಾರ್ಡ್ ಮತ್ತು ಡೇವಿಡ್ ಮೆಕೆ ತಮ್ಮ 'ಡ್ಯಾಷರ್' ಎಂಬ ಬರೆಯುವ ತಂತ್ರಾಂಶದ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ಅಕ್ಷರಗಳು ಎದುರಿನಿಂದ ತೇಲಿಬರುತ್ತವೆ. ಮುಂದೆ ಬರುವ ಸಂಭವ ಹೆಚ್ಚಿರುವ ಅಕ್ಷರದ ಚೌಕ ದೊಡ್ಡದು. ಬೇಕಾದದ್ದರತ್ತ ನೋಡಿದರೆ ಸಾಕು, ಬರವಣಿಗೆ ಸಾಗುತ್ತದೆ. ಅಪರೂಪದ ಅಕ್ಷರದ ಚೌಕ ಚಿಕ್ಕದಾದರೂ ಅಳಿಸಿಹೋಗುವುದಿಲ್ಲ. ನನಗೆ ಅದು ಬಹಳ ಹಿಡಿಸಿತು. ಕುಶ್ಲರ್ ಮುಂದೆ ರ‍್ಯಾಂಡಿ ಮಾರ್ಸ್‌ಡನ್ ಜೊತೆಗೂಡಿ, ಬೆರಳೆತ್ತದೆ ಅಕ್ಷರದಿಂದ ಅಕ್ಷರಕ್ಕೆ ಎಳೆಯುವ 'ಸ್ವೈಪ್' ತಂದರು. ಮಾರ್ಸ್‌ಡನ್ ಕೂಡ ಅಂಗವಿಕಲರಿಗಾಗಿ ಕೀಲಿಮಣೆ ರೂಪಿಸುತ್ತಿದ್ದವರೇ.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸು ನಿಲ್ಲುವುದು ನೋಕಿಯಾದ ನಕ್ಷತ್ರದ ಗುಂಡಿಯ ಮೇಲೆ. ಊಹೆ ತಪ್ಪಿದರೆ ಅದನ್ನು ಒತ್ತಬೇಕಿತ್ತು, ಮುಂದಿನ ಪದ ಬರುತ್ತಿತ್ತು. ಅಪ್ಪನ ಹಾಳೆಯಲ್ಲಿ ನಾನು ಅಂಥ ಜಾಗ ಬಿಟ್ಟಿರಲಿಲ್ಲ. ಮೂರನೆಯ ದಿನ ಅವರು ನೀರಿನ ಲೋಟ ಪಕ್ಕಕ್ಕೆ ಸರಿಸಿ, ಹಾಳೆಯ ಖಾಲಿ ಮೂಲೆಯನ್ನು ಬೆರಳಿನಿಂದ ಕುಟ್ಟಿದರು. ಆಮೇಲೆ 'ಅ', ಅದರ ಬೆನ್ನಿಗೇ ಎರಡು ಸಲ 'ಲ'. ಆ ಮೂಲೆಯಲ್ಲಿ ಚೌಕ ಹಾಕಿ, ದಪ್ಪಕ್ಷರದಲ್ಲಿ 'ಅಲ್ಲ' ಎಂದು ಬರೆದೆ.