ಜೂನೊ-106ರ ಮೂಕ ಸ್ವರಗಳು: ದೋಷ ಪತ್ತೆಯ ಕ್ರಮ

ಜಪಾನಿನ ರೋಲ್ಯಾಂಡ್ ಕಂಪನಿ 1984ರಲ್ಲಿ ಹೊರತಂದ ಜೂನೊ-106 ಸಿಂಥಸೈಜರ್ ಏಕಕಾಲಕ್ಕೆ ಆರು ಸ್ವರ ನುಡಿಸಬಲ್ಲದು. ಆರಕ್ಕೂ ಪ್ರತ್ಯೇಕ ಮಾರ್ಗ, ಪ್ರತಿ ಮಾರ್ಗಕ್ಕೂ 80017ಎ ಎಂಬ ಒಂದು ವಾಯ್ಸ್ ಚಿಪ್. ನಾದವನ್ನು ಸೋಸುವ ಫಿಲ್ಟರ್, ಅದರ ಏರಿಳಿತ ನಿಯಂತ್ರಿಸುವ ಆಂಪ್ಲಿಫೈಯರ್ ಎರಡೂ ಅದರೊಳಗಿವೆ. 1982ರ ಜೂನೊ-60ರಲ್ಲಿ ಈ ಕೆಲಸದ ಐಸಿಗಳು ಬೋರ್ಡಿನ ಮೇಲೆ ಬಿಡಿಬಿಡಿಯಾಗಿದ್ದವು. 106ರಲ್ಲಿ ಅವನ್ನು ಪುಟ್ಟ ಹಲಗೆಯೊಂದರ ಮೇಲೆ ಒತ್ತೊತ್ತಾಗಿ ಕೂರಿಸಿ ಎಪಾಕ್ಸಿ ರಾಳ ಬಳಿದರು. ರಕ್ಷಣೆಗೆಂದು ಬಳಿದ ಆ ಲೇಪವೇ ವಯಸ್ಸಾದಂತೆ ಅಲ್ಪಸ್ವಲ್ಪ ವಿದ್ಯುತ್ತನ್ನು ಸೋರಗೊಡುತ್ತದೆ. ಆಗ ಸ್ವರ ಕ್ಷೀಣಿಸುತ್ತದೆ, ಚಟಪಟ ಸದ್ದು ಬೆರೆಯುತ್ತದೆ, ಇಲ್ಲವೇ ಕೀಲಿ ಬಿಟ್ಟ ಮೇಲೂ ನಾದ ಉಳಿಯುತ್ತದೆ.

ಈ ಕುಖ್ಯಾತಿಯಿಂದಾಗಿ ಯಾವ ಸ್ವರ ಕೆಟ್ಟರೂ 80017ಎ ಮೇಲೆಯೇ ಗೂಬೆ ಕೂರಿಸುವ ರೂಢಿ ಬೆಳೆದಿದೆ. ಅದನ್ನು ಒಪ್ಪಲಾಗದು. ಲಕ್ಷಣ ಒಂದೇ ಆದರೂ ಮೂಲ ಬೇರೆಯಿರಬಹುದು. ಹಾಗಾಗಿ ಮೊದಲು ಕೆಟ್ಟ ಮಾರ್ಗ ಯಾವುದೆಂದು ಗುರುತಿಸಬೇಕು.

ಕೀ ಟ್ರಾನ್ಸ್‌ಪೋಸ್ ಗುಂಡಿ ಒತ್ತಿಹಿಡಿದು ಪವರ್ ಹಾಕಿದರೆ ಟೆಸ್ಟ್ ಮೋಡ್ ತೆರೆಯುತ್ತದೆ. ಒತ್ತಿದ ಕೀಲಿಗೆ ಎಷ್ಟನೆಯ ಮಾರ್ಗ ದನಿಗೊಟ್ಟಿತೆಂದು ಡಿಸ್‌ಪ್ಲೇ ತೋರಿಸುತ್ತದೆ. ನಾದವನ್ನು ದಪ್ಪಗೊಳಿಸುವ ಕೋರಸ್ ಪರಿಣಾಮವನ್ನು ಆರಿಸಿಯೇ ಆಲಿಸಬೇಕು, ಅದು ಸಣ್ಣ ದೋಷಗಳನ್ನು ಮರೆಸುತ್ತದೆ. ಆರೂ ಮಾರ್ಗಗಳು ಒಂದೇ ರೀತಿ ಕೆಟ್ಟಿದ್ದರೆ ಪವರ್ ಸಪ್ಲೈಯಂಥ ಸಮಾನ ಭಾಗವನ್ನು ಮೊದಲು ನೋಡುವುದು ಸರಿ. ಎರಡು ಮಾರ್ಗಗಳು ಜೋಡಿಯಾಗಿ ಮೂಕವಾಗಿದ್ದರೆ ಅನುಮಾನ ಎಂಸಿ5534ಎ ಕಡೆಗೆ ಹೊರಳಬೇಕು. ಅಲೆಗಳನ್ನು ಉತ್ಪಾದಿಸುವ ಈ ಚಿಪ್‌ಗಳು ಯಂತ್ರದಲ್ಲಿರುವುದು ಮೂರೇ, ಒಂದೊಂದೂ ಎರಡು ಮಾರ್ಗಗಳಿಗೆ.

ಒಂಟಿ ಮಾರ್ಗ ಮೂಕವಾದಾಗ ನನಗೆ ಅತ್ಯಂತ ವಿಶ್ವಾಸಾರ್ಹವಾಗಿ ಕಾಣುವ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಲ್ಲ ಅಲೆಗಳನ್ನೂ ನಾಯ್ಸನ್ನೂ ಆರಿಸಿ ರೆಸೊನೆನ್ಸ್ ಪೂರ್ತಿ ಏರಿಸಿದರೆ ಫಿಲ್ಟರ್ ತಾನಾಗಿಯೇ ಶಿಳ್ಳೆಯಂತೆ ನುಡಿಯುತ್ತದೆ. ಆ ಶಿಳ್ಳೆ ಸರಿಯಾಗಿ ಕೇಳಿಸಿ, ಅಲೆ ಮಾತ್ರ ಕೇಳಿಸದಿದ್ದರೆ 80017ಎ ಜೀವಂತವಾಗಿದೆ. ದೋಷ ಅದಕ್ಕಿಂತ ಹಿಂದಿದೆ.

ಕೀಲಿ ಬಿಟ್ಟ ಮೇಲೂ ನಾದ ಸೋರುವ ಪ್ರಕರಣ ಇನ್ನಷ್ಟು ಸೂಕ್ಷ್ಮ. ಈ ಯಂತ್ರದಲ್ಲಿ ಎನ್ವಲಪ್, ಅಂದರೆ ನಾದದ ಏರಿಳಿತದ ಆಕಾರ, ಹುಟ್ಟುವುದು ಪ್ರೊಸೆಸರಿನ ಲೆಕ್ಕಾಚಾರದಲ್ಲಿ. ಅದು ವೋಲ್ಟೇಜಾಗಿ ಮಾರ್ಪಟ್ಟು, ಮಲ್ಟಿಪ್ಲೆಕ್ಸರ್‌ಗಳ ಮೂಲಕ ಆರು ಕಡೆ ಹಂಚಿಹೋಗುತ್ತದೆ. ಆದ್ದರಿಂದ ಚಿಪ್ಪಿನ ಆಂಪ್ಲಿಫೈಯರ್ ಭಾಗಕ್ಕೆ ಬರುವ ನಿಯಂತ್ರಣ ವೋಲ್ಟೇಜನ್ನು ಅಳೆಯದೆ ತೀರ್ಪು ಕೊಡುವಂತಿಲ್ಲ. ಕೀಲಿ ಬಿಟ್ಟೊಡನೆ ವೋಲ್ಟೇಜ್ ಇಳಿದೂ ನಾದ ಉಳಿದರೆ ಚಿಪ್ಪೇ ಅಪರಾಧಿ. ವೋಲ್ಟೇಜೇ ಇಳಿಯದಿದ್ದರೆ ಹೊಸ ಚಿಪ್ ಹಾಕಿದರೂ ನಾದ ಸೋರುತ್ತಲೇ ಇರುತ್ತದೆ.

ಚಿಪ್‌ಗಳನ್ನು ಅದಲುಬದಲು ಮಾಡಿ, ದೋಷ ಜೊತೆಗೆ ಸಾಗುತ್ತದೆಯೇ ಎಂದು ನೋಡುವುದು ಖಚಿತ ಪರೀಕ್ಷೆಯೇ. ಆದರೆ ಅವು ಬೋರ್ಡಿಗೆ ನೇರ ಬೆಸುಗೆಯಾಗಿವೆ. ಪದೇ ಪದೇ ಕಾಯಿಸಿದರೆ ತಾಮ್ರದ ಗೆರೆಗಳು ಕಿತ್ತುಬರುತ್ತವೆ. ಅದನ್ನು ಕೊನೆಗಿಟ್ಟುಕೊಂಡು, ಒಮ್ಮೆ ಬಿಚ್ಚಿದಲ್ಲಿ ಸಾಕೆಟ್ ಕೂರಿಸುವುದು ಒಳ್ಳೆಯದು.

ಬಿಚ್ಚಿದ ಚಿಪ್ಪನ್ನು ಮಾತ್ರ ಎಸೆಯಬೇಡಿ. ಅಸಿಟೋನಿನಲ್ಲಿ ನೆನೆಸಿ ರಾಳವನ್ನು ಮೆಲ್ಲನೆ ಸುಲಿದರೆ ಎಷ್ಟೋ ಚಿಪ್‌ಗಳು ಮತ್ತೆ ನುಡಿಯುತ್ತವೆ.