ತಾಳಮದ್ದಳೆ: ಕುಳಿತು ಆಡುವ ಯಕ್ಷಗಾನ

ವೇಷ, ಕುಣಿತಗಳಿಲ್ಲದೆ, ಕುಳಿತಲ್ಲೇ ಯಕ್ಷಗಾನ ಪ್ರಸಂಗವನ್ನು ಹಾಡು, ಮಾತುಗಳಲ್ಲಿ ಕಟ್ಟುವ ಕಲೆ ತಾಳಮದ್ದಳೆ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವೊಂದು, ದೇವಾಲಯದಲ್ಲಿ ತಾಳಮದ್ದಳೆ ನಡೆಸುವವರಿಗೆ ಭೂಮಿ ದಾನ ಕೊಟ್ಟದ್ದನ್ನು ಹೇಳುತ್ತದೆ. ಈ ಕಲೆ ಕರಾವಳಿ, ಮಲೆನಾಡು, ಕಾಸರಗೋಡುಗಳಲ್ಲಿ ಆಳವಾಗಿ ಬೇರೂರಿದೆ.

ತಿರುಗಾಟದ ಋತು ಮುಗಿಯುವ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ ಕೂಟ ಸೇರುತ್ತಿತ್ತು. ವಾಲಿವಧೆ, ಕೃಷ್ಣಸಂಧಾನ, ಕರ್ಣಪರ್ವದಂತಹ, ವಾದಕ್ಕೆ ಎಡೆಯಿರುವ ಭಾಗಗಳೇ ಕೇಳುಗರಿಗೆ ಅಚ್ಚುಮೆಚ್ಚು. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಆಯಾ ಪಾತ್ರವೇ ಆಗಿ ಆಶುವಾಗಿ ಅರ್ಥ ಹೇಳುತ್ತಾರೆ. ಪದ್ಯ ಹಳೆಯದು, ಮಾತು ಪ್ರತಿಸಲವೂ ಹೊಸದು. 20ನೇ ಶತಮಾನದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಈ ಮಾತುಗಾರಿಕೆಗೆ ಪಾಂಡಿತ್ಯದ ಘನತೆ ತಂದರು.